ಮೈಕೈ ತುಂಬ್ಕಂಡಿದ್ದಿಯಲ್ಲವ್ವ!

ತೆರಕಣಾಂಬಿಯಲ್ಲಿ ತಕ್ಕಡಿಗೆ ಏರದೆ ಯಾವುದಕ್ಕೂ ಬೆಲೆ ಬರುವುದಿಲ್ಲ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯ ಈ ಊರಿನ ತರಕಾರಿ ಮಾರುಕಟ್ಟೆಗೆ ಸುತ್ತಲ ಹಳ್ಳಿಗಳ ಟೊಮೆಟೊ, ಎಲೆಕೋಸು, ಬೀನ್ಸು ಬಂದು ಬೀಳುತ್ತವೆ. ಕೇರಳದ ವ್ಯಾಪಾರಿ ಮೂಟೆಯನ್ನು ಒಂದು ಸಲ ಒತ್ತಿ ನೋಡಿ, ಇಷ್ಟು ಕೆಜಿ, ಇಷ್ಟು ಕೊಳೆತದ್ದು, ಇಷ್ಟು ರೇಟು ಎಂದು ಮುಗಿಸುತ್ತಾನೆ. ಇಂಥ ಊರಿನ ಜನಕ್ಕೆ ಕಣ್ಣಳತೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮೈಸೂರಿನಿಂದ ಬಂದು ಬಸ್ಸಿಳಿದ ಹೆಂಗಸು ಮನೆ ಬಾಗಿಲು ಮುಟ್ಟುವುದರೊಳಗೆ ಆಕೆಯನ್ನು ತೂಗಿ, ಬೆಲೆ ಕಟ್ಟಿ, ಲೆಕ್ಕ ಚುಕ್ತಾ ಮಾಡಿರುತ್ತಾರೆ.

ತೀರ್ಪು ಎರಡೇ. ಮೈ ಇಳಿದಿದ್ದರೆ, "ಅಯ್ಯೋ ಸಿವ್ನೆ, ಏನವ್ವ ಇಂಗಾಗೋಗಿದ್ದಯ, ಇನ್ನೇನದ ಮೈಲಿ!" ಮೈ ಬಂದಿದ್ದರೆ, "ಮೈಕೈ ತುಂಬ್ಕಂಡಿದ್ದಿಯಲ್ಲವ್ವ, ಗೆದ್ಕಂಡೆ ಬುಡು!" ಮೊದಲನೆಯದನ್ನು ಕೇಳಿಸಿಕೊಂಡವಳು ಅವತ್ತು ರಾತ್ರಿ ಊಟ ಬಿಡುತ್ತಾಳೆ. ಎರಡನೆಯದನ್ನು ಕೇಳಿಸಿಕೊಂಡವಳು ಮುಂದಿನ ತಪಾಸಣೆ ಬಿಡುತ್ತಾಳೆ. ಬಯಾಪ್ಸಿ, ಸ್ಕ್ಯಾನು, ಕೆಲವು ತಿಂಗಳಿಗೊಮ್ಮೆ ಬಂದು ತೋರಿಸಿ ಎಂಬ ಚೀಟಿ, ಇವೆಲ್ಲ ಮೈಸೂರಿನ ಡಾಕ್ಟರುಗಳ ಸಮಾಧಾನಕ್ಕೆ ಇರುವಂಥವು. ಊರೇ ಪಾಸು ಮಾಡಿದ ಮೇಲೆ ಸ್ಕ್ಯಾನಿಂಗ್ ಸೆಂಟರಿನವನು ಯಾರು ಕೇಳುವುದಕ್ಕೆ?

ಗರ್ಭಕೊರಳು, ಗರ್ಭಕೋಶ, ಅಂಡಾಶಯ ಇವುಗಳ ಕ್ಯಾನ್ಸರ್ ದಾಟಿ ಬದುಕಿರುವ ಹೆಂಗಸರ ಮಾತು ಇದು. ಈ ಕಾಯಿಲೆಗಳಿಗೆ ಊರಲ್ಲಿ ಹೆಸರಿಲ್ಲ. "ಒಳಗಿನ ಕಾಯಿಲೆ", "ಚೀಲ ತೆಗೆಸವ್ರಂತ" ಅನ್ನುವಲ್ಲಿಗೆ ದನಿ ತಗ್ಗುತ್ತದೆ, ಸೆರಗು ಬಾಯಿಗೆ ಬರುತ್ತದೆ. ಕಾಯಿಲೆಯ ಹೆಸರೆತ್ತಲು ನಾಚುವ ಅದೇ ಬಾಯಿ ತೂಕದ ಮಾತನ್ನು ಮಾತ್ರ ಬಸ್ಸಿನ ಹಾರನ್ನಿಗಿಂತ ಜೋರಾಗಿ ಆಡುತ್ತದೆ. ಊರನ್ನೇ ಯಾಕೆ ಬೈಯಬೇಕು, ದೇಶವೂ ಹಾಗೆಯೇ ಇದೆ. ಜಗತ್ತಿನ ಕ್ಯಾನ್ಸರ್ ಲೆಕ್ಕ ಇಡುವ ಗ್ಲೋಬೊಕಾನ್‌ನ 2022ರ ಅಂದಾಜಿನಂತೆ ಗರ್ಭಕೊರಳಿನ ಕ್ಯಾನ್ಸರ್ ಒಂದೇ ಆ ವರ್ಷ ಭಾರತದ ಸುಮಾರು 1.27 ಲಕ್ಷ ಹೆಂಗಸರಿಗೆ ಬಂತು. 80 ಸಾವಿರದಷ್ಟು ಮಂದಿ ತೀರಿಕೊಂಡರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಮನೆಗೆ ತಕ್ಕಡಿ ಹೊತ್ತು ಹೋಗಿ ದೇಶದ ಹೆಂಗಸರನ್ನು ನಿಲ್ಲಿಸಿ ತೂಗಿದರು. ನೂರಕ್ಕೆ 24 ಮಂದಿಗೆ ತೂಕ ಹೆಚ್ಚು, 18.7 ಮಂದಿಗೆ ಕಡಿಮೆ ಎಂದು ದಶಾಂಶದ ಸಮೇತ ಬರೆದರು. ಹಾಗೆಯೇ ಇನ್ನೊಂದು ಪ್ರಶ್ನೆಯನ್ನೂ ಕೇಳಿದರು: ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆ ಎಂದಾದರೂ ಆಗಿದೆಯೇ? 30ರಿಂದ 49 ವಯಸ್ಸಿನವರಲ್ಲಿ ಹೌದು ಎಂದವರು ನೂರಕ್ಕೆ ಇಬ್ಬರೂ ತುಂಬಲಿಲ್ಲ. ಹೆಣ್ಣಿನ ಹೊರಮೈಯ ತೂಕ ದೇಶದ ದಫ್ತರದಲ್ಲಿ ಭದ್ರವಾಗಿದೆ. ಒಳಗೇನಿದೆ ಎಂದು ಬಗ್ಗಿ ನೋಡುವುದಕ್ಕೆ ಪುರುಸೊತ್ತಾಗಿಲ್ಲ.

ತೂಕವಾದರೂ ಊರವರು ಎಣಿಸಿದಷ್ಟು ಪ್ರಾಮಾಣಿಕ ವಸ್ತುವೇ? ಅಂಡಾಶಯದ ಕ್ಯಾನ್ಸರಿನಲ್ಲಿ ಹೊಟ್ಟೆಯೊಳಗೆ ನೀರು ತುಂಬಿಕೊಳ್ಳುವುದುಂಟು. ತೋಳು ಸಣಕಲಾಗಿ, ಕೆನ್ನೆ ಗುಳಿಬಿದ್ದು, ಕುತ್ತಿಗೆಯ ಎಲುಬು ಎದ್ದು ಕಂಡರೂ ತಕ್ಕಡಿಯ ಮುಳ್ಳು ಇದ್ದಲ್ಲೇ ಇರುತ್ತದೆ, ಕರಗಿದ ಮಾಂಸದ ಲೆಕ್ಕವನ್ನು ನೀರು ಸರಿದೂಗಿಸಿರುತ್ತದೆ. ತೂಕ ಬರೆದುಕೊಳ್ಳುವ ಸಿಸ್ಟರ್ "ಏನೂ ವ್ಯತ್ಯಾಸ ಇಲ್ಲ" ಎಂದು ಹಳೆಯ ಅಂಕಿಯನ್ನೇ ಮತ್ತೆ ಬರೆಯುತ್ತಾರೆ. ಬೀದಿಯ ಹೆಂಗಸರು ಮುಂದೆ ಬಂದ ಹೊಟ್ಟೆ ನೋಡಿ ಬೇರೆಯದೇ ಲೆಕ್ಕ ಹಾಕಿ ಬೆರಳು ಮಡಚುತ್ತಾರೆ. ಎರಡು ಕಡೆಯೂ ಗಣಿತ ಚೆನ್ನಾಗಿದೆ.

ಗರ್ಭಕೊರಳಿನ ಕ್ಯಾನ್ಸರಿನ ಕತೆ ಬೇರೆ. ವಾರಕ್ಕೆ ಐದು ದಿನದಂತೆ ಐದು ವಾರ ಕರೆಂಟು. ವಿಕಿರಣ ಚಿಕಿತ್ಸೆ ಎಂದರೆ ನಮ್ಮ ಕಡೆ ಯಾರಿಗೂ ಗೊತ್ತಾಗುವುದಿಲ್ಲ, ಕರೆಂಟು ಇಡಿಸುವುದು ಎಂದರೆ ಎಲ್ಲರಿಗೂ ಗೊತ್ತು. ಅದರ ಜೊತೆಗೆ ವಾರಕ್ಕೊಂದು ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧದ ಬಾಟಲಿ, ಆಮೇಲೆ ಒಳಗಡೆ ಇಡುವ ಕರೆಂಟು. ವಾಂತಿ, ಭೇದಿ, ಮುದ್ದೆ ಕಂಡರೆ ಹೊಟ್ಟೆ ತೊಳಸುತ್ತದೆ. ಆಗ ಇಳಿಯುವ ಕೆಜಿ ಬರೀ ಕೊಬ್ಬಿನದಲ್ಲ, ಮಾಂಸಖಂಡದ್ದೂ ಹೌದು. ಚಿಕಿತ್ಸೆ ನಡೆಯುವ ಹೊತ್ತಿನಲ್ಲಿ ತೂಕ ಜಾರದಂತೆ ಹಿಡಿದುಕೊಳ್ಳುವುದೂ ಚಿಕಿತ್ಸೆಯ ಭಾಗವೇ. ಆದರೆ ಬೆಂಗಳೂರಿನಿಂದ ನೋಡಲು ಬರುವ ನಾದಿನಿಯ ತಕ್ಕಡಿ ಊರಿನದಕ್ಕೆ ತಿರುಗಾಮುರುಗ. ಗೋಡೆಗೆ ಒರಗಿ ಕೂತವಳನ್ನು ಕಂಡು, "ಅತ್ತಿಗೆ, ಎಷ್ಟು ಸ್ಲಿಮ್ ಆಗ್ಬಿಟ್ಟಿದ್ದೀರಿ! ನಾನು ಜಿಮ್ಮಿಗೆ ದುಡ್ಡು ಸುರಿದಿದ್ದೇ ಬಂತು" ಅನ್ನುತ್ತಾಳೆ. ಮನಸ್ಸು ತುಂಬಿ ಹೊಗಳುತ್ತಿದ್ದಾಳೆ, ತಪ್ಪು ತಿಳಿಯಬಾರದು. ಸಿಸ್‌ಪ್ಲಾಟಿನ್ ಇಷ್ಟು ಬೇಗ ಕೆಲಸ ಮಾಡುತ್ತದೆಂಬ ಸುದ್ದಿ ಜಿಮ್ಮಿನವರ ಕಿವಿಗೆ ಬೀಳದಿದ್ದರೆ ಸಾಕು.

ಇನ್ನು ಗರ್ಭಕೋಶದ ಒಳಪದರದ ಕ್ಯಾನ್ಸರು. ತೂಕಕ್ಕೂ ಕ್ಯಾನ್ಸರಿಗೂ ನಿಜವಾದ ನಂಟು ಗಟ್ಟಿಯಾಗಿರುವುದು ಇಲ್ಲಿ. ಮುಟ್ಟು ನಿಂತ ಮೇಲೆ ಅಂಡಾಶಯ ಕೈಚೆಲ್ಲಿದರೂ ಮೈಯ ಕೊಬ್ಬು ಈಸ್ಟ್ರೋಜನ್ ತಯಾರಿಸುವುದನ್ನು ನಿಲ್ಲಿಸುವುದಿಲ್ಲ. ಅದಕ್ಕೆ ಎದುರು ನಿಲ್ಲುವ ಪ್ರೊಜೆಸ್ಟರಾನ್ ಇಲ್ಲದೆ ಒಳಪದರ ಬೆಳೆಯುತ್ತ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಹೆಚ್ಚಿನ ಬೊಜ್ಜಿಗೂ 13 ಬಗೆಯ ಕ್ಯಾನ್ಸರಿಗೂ ನಂಟಿದೆ ಎಂದು ಪಟ್ಟಿ ಮಾಡಿತು. ಗರ್ಭಕೋಶದ ಒಳಪದರ, ಅಂಡಾಶಯ ಎರಡೂ ಅದರಲ್ಲಿವೆ. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡರೆ ಅದು ಆಸ್ಪತ್ರೆಗೆ ಓಡಬೇಕಾದ ಸೂಚನೆ. ಊರಿನ ವೈದ್ಯಶಾಸ್ತ್ರದಲ್ಲಿ ಅದು "ಉಸ್ಣ". ಎಳನೀರು, ಮಜ್ಜಿಗೆ, ನೆತ್ತಿಗೆ ಹರಳೆಣ್ಣೆ. ನೆತ್ತಿ ತಣ್ಣಗಾಗುವ ಹೊತ್ತಿಗೆ ಕಾಯಿಲೆ ಒಂದು ಮೆಟ್ಟಿಲು ಹತ್ತಿರುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಈ ಕ್ಯಾನ್ಸರ್ ಬಹಳ ಸಲ ಬೇಗ ಸಿಕ್ಕಿ, ಆಪರೇಷನ್ನಿನಲ್ಲೇ ವಾಸಿಯಾಗುತ್ತದೆ. ಇದು ಬಂದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಮೆರಿಕದ ಅಧ್ಯಯನವೊಂದು 2012ರಲ್ಲಿ ಕಂಡುಕೊಂಡದ್ದು ಏನೆಂದರೆ, ಇವರನ್ನು ಕೊನೆಗೆ ಕೊಂಡೊಯ್ಯುವುದರಲ್ಲಿ ಕ್ಯಾನ್ಸರಿಗಿಂತ ಹೃದಯ, ರಕ್ತನಾಳದ ಕಾಯಿಲೆಯೇ ಮುಂದು. ಅಂದರೆ "ಗೆದ್ಕಂಡೆ ಬುಡು" ಎಂದು ಊರು ಮೆಚ್ಚಿದ ಆ ತುಂಬಿದ ಮೈಯೊಳಗೆ ಬಿಪಿ, ಸಕ್ಕರೆ ಸದ್ದಿಲ್ಲದೆ ಏರುತ್ತಿರಬಹುದು. ಕ್ಯಾನ್ಸರ್ ಡಾಕ್ಟರು ಕ್ಯಾನ್ಸರ್ ನೋಡುತ್ತಾರೆ, ಹಾರ್ಟ್ ಡಾಕ್ಟರ ಹತ್ತಿರ ಹೋಗು ಎಂದು ಯಾರೂ ಹೇಳುವುದಿಲ್ಲ. ಹೇಳಿದರೂ ಮನೆಯವರು, "ಅಷ್ಟು ದೊಡ್ಡ ಕಾಯ್ಲನೇ ವಾಸಿಯಾಯ್ತು, ಬಿಪಿ ಏನ್ ಮಾಡ್ದು" ಎನ್ನುತ್ತಾರೆ. ಬಿಪಿಗೆ ಈ ಮಾತು ಕೇಳಿಸಿದರೆ ಅವಮಾನವಾಗಿ ಇನ್ನೂ ಏರೀತು.

ಆಸ್ಪತ್ರೆಯ ತಕ್ಕಡಿ ಊರಿನ ಕಣ್ಣಿಗಿಂತ ಮೇಲು ಎಂದು ಭಾವಿಸಿದರೆ ಅಲ್ಲಿಯೂ ಒಂದು ತಮಾಷೆ ಕಾದಿದೆ. ಅಲ್ಲಿನ ಅಳತೆಗೋಲು ಬಿಎಂಐ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಈ ಸೂತ್ರವನ್ನು 1830ರ ದಶಕದಲ್ಲಿ ಹೊಸೆದವನು ಅಡಾಲ್ಫ್ ಕೆಟ್ಲೆ. ಅವನು ಡಾಕ್ಟರಲ್ಲ, ಬೆಲ್ಜಿಯಂನ ಖಗೋಳ ವಿಜ್ಞಾನಿ, ಬ್ರಸೆಲ್ಸ್‌ನಲ್ಲಿ ವೀಕ್ಷಣಾಲಯ ಕಟ್ಟಿಸಿದವನು. ನಕ್ಷತ್ರಗಳನ್ನು ಎಣಿಸಿ ಬೇಸರವಾಗಿ "ಸರಾಸರಿ ಮನುಷ್ಯ" ಹೇಗಿರುತ್ತಾನೆಂದು ಹುಡುಕಿದ. ಒಂದೂವರೆ ಶತಮಾನದ ಹತ್ತಿರ ಆ ಸೂತ್ರ ಮಲಗಿತ್ತು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದನ್ನು ಎಬ್ಬಿಸಿ ಬಿಎಂಐ ಎಂಬ ನಾಮಕರಣ ಮಾಡಿದ. ಅದಕ್ಕಾಗಿ ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಆರೋಗ್ಯವಂತರನ್ನು ಅಳೆದ. ಎಲ್ಲರೂ ಗಂಡಸರು. ಗರ್ಭಕೋಶ ಕಳೆದುಕೊಂಡ ತೆರಕಣಾಂಬಿಯ ಹೆಂಗಸಿನ ಮೈಗೆ ಹೀಗೆ ಗರ್ಭಕೋಶವೇ ಇಲ್ಲದವರ ಅಳತೆ ಬಂದು ಕೂತಿತು. ಒಂದು ಲೆಕ್ಕಕ್ಕೆ ಹೊಂದಿಕೆಯಾಗಿದೆ.

ಈ ಅಳತೆ ನಮ್ಮವರಿಗೆ ಒಗ್ಗುವುದಿಲ್ಲ ಎಂಬುದಕ್ಕೆ 2004ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಫೋಟೊ ಬಂದಿತ್ತು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟಿಷ್ ವೈದ್ಯ ಜಾನ್ ಯುಡ್‌ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ ಕರಾರುವಾಕ್ಕಾಗಿ ಒಂದೇ, 22.3. ಮೈಯಲ್ಲಿರುವ ಕೊಬ್ಬು ಬ್ರಿಟಿಷರಿಗೆ ಶೇ 9.1, ನಮ್ಮವರಿಗೆ ಶೇ 21.2. ಸಣ್ಣಗೆ ಕಾಣುತ್ತಲೇ ಒಳಗೊಳಗೆ ದಪ್ಪಗಿರುವ ಕಲೆ ನಮಗೆ ಸಿದ್ಧಿಸಿದೆ. ಅದಕ್ಕೇ ಭಾರತೀಯ ವೈದ್ಯರು 2009ರಲ್ಲಿ ಗೆರೆಯನ್ನು ಕೆಳಕ್ಕೆ ಎಳೆದು, 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದರು. ಗೆರೆ ಎಳೆದ ದಿನ ರಾತ್ರಿ ಮಲಗಿದ ಕೋಟಿಗಟ್ಟಲೆ ಜನ ಒಂದು ತುತ್ತೂ ಹೆಚ್ಚು ತಿನ್ನದೆ ಬೆಳಿಗ್ಗೆ ದಪ್ಪಗಾಗಿ ಎದ್ದರು. ಹಾಗೆಂದು ಅವರು ಎಳೆದದ್ದು ತಪ್ಪಲ್ಲ. ಸೊಂಟದ ಸುತ್ತಳತೆ, ಸಕ್ಕರೆ, ಬಿಪಿ ಜೊತೆಗಿಟ್ಟುಕೊಂಡು ನೋಡಿದರೆ ಆ ಗೆರೆಗೆ ಅರ್ಥವಿದೆ. ಓಪಿಡಿಯಲ್ಲಿ ಅಷ್ಟು ನೋಡಲು ಸಮಯ ಇರಬೇಕಲ್ಲ! "ತೂಕ ಇಳಿಸಮ್ಮ, ನೆಕ್ಸ್ಟ್" ಎಂಬ ಮಾತಿಗೆ ಎರಡು ಸೆಕೆಂಡು ಸಾಕು.

ಇಳಿಸುವುದು ಹೇಗೆ ಎಂದು ಕೇಳಿದವರಿಗೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಓಟ್ಸು, ಆಲಿವ್ ಎಣ್ಣೆ, ಬ್ರಾಕೋಲಿ, ಗ್ರಿಲ್ ಮಾಡಿದ ಮೀನು. ಮನೆಯ ಹಿಂದೆ ದಂಟು, ಅಣ್ಣೆಸೊಪ್ಪು ಬೆಳೆದು ನಿಂತಿರುವವಳು ಬ್ರಾಕೋಲಿ ಹುಡುಕಿಕೊಂಡು ಗುಂಡ್ಲುಪೇಟೆಗೆ ಹೋಗಬೇಕು. ಪ್ರಧಾನಿಯವರೂ 2025ರ ಫೆಬ್ರುವರಿಯ 'ಮನ್ ಕೀ ಬಾತ್'ನಲ್ಲಿ ಬೊಜ್ಜಿನ ಮಾತೆತ್ತಿ, ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಮಾಡಿ ಎಂದರು. ಅಕ್ಕ ಅಕ್ಷರಶಃ ಪಾಲಿಸಿದಳು. (ಯಾವ ಅಕ್ಕ ಎಂದು ಕೇಳಬೇಡಿ. ಒಬ್ಬಳಲ್ಲ, ಹಲವರು. ಹೆಸರು ಹೇಳಿದರೆ ಅವರ ಮಕ್ಕಳ ಮದುವೆ ನಿಂತೀತೆಂಬ ಭಯ ಇವತ್ತಿಗೂ ಇರುವುದರಿಂದ ಎಲ್ಲರಿಗೂ ಸೇರಿಸಿ ಅಕ್ಕ ಅನ್ನುತ್ತೇನೆ.) ಸೊಪ್ಪು, ಕಾಳು ಬೇಯಿಸಿ ಬಸಿದು, ಉಪ್ಪು ಹಾಕಿ, ಮೆಣಸಿನಕಾಯಿ ಬೆಳ್ಳುಳ್ಳಿಯ ಖಾರ ಅರೆದು ನಂಚಿಕೊಳ್ಳುವ ಉಪ್ಸಾರಿಗೆ ಒಂದು ಹನಿ ಎಣ್ಣೆ ಬೀಳುವುದಿಲ್ಲ. ಇಲ್ಲದ ಎಣ್ಣೆಯಲ್ಲಿ ಶೇ 10 ಕಡಿತ ಮಾಡಿ ದೇಶಸೇವೆ ಮುಗಿಸಿದಳು. ಮುದ್ದೆಯ ತಟ್ಟೆಗೆ ಮೂರು ಹೊತ್ತೂ ಅನ್ನ ಬಂದು ಕೂತದ್ದು, ನಾಲ್ಕು ಹೊತ್ತಿನ ಟೀಗೆ ಎರಡೆರಡು ಚಮಚ ಸಕ್ಕರೆ, ಬೇಕರಿಯ ಬನ್ನು, ಮಿಕ್ಸ್ಚರು, ಇವುಗಳ ಬಗ್ಗೆ ಹಾಳೆಯಲ್ಲಿ ಏನೂ ಬರೆದಿರಲಿಲ್ಲ.

ನೋಡಲು ಬಂದವರ ಉಪಕಾರವನ್ನೂ ಮರೆಯಬಾರದು. ಬರಿಗೈಲಿ ಬರುವುದು ನಮ್ಮ ಸಂಸ್ಕೃತಿಯಲ್ಲ. ಬ್ರೆಡ್ಡು, ಮೂಸಂಬಿ, ಹಾಲಿಗೆ ಬೆರೆಸುವ ಡಬ್ಬಿಯ ಪುಡಿ. ಒಬ್ಬಳು ಕಾಯಿಲೆ ಬಿದ್ದರೆ ಮನೆಯ ಅಟ್ಟದ ಮೇಲೆ ಪುಡಿ ಡಬ್ಬಿಗಳ ಸಾಲು ನಿಲ್ಲುತ್ತದೆ. 2024ರಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯ ಇಂಥ ಪಾನೀಯಗಳನ್ನು "ಆರೋಗ್ಯ ಪೇಯ" ಎಂಬ ಪಟ್ಟಿಯಿಂದ ತೆಗೆಯಿರಿ ಎಂದು ಆನ್‌ಲೈನ್ ಮಾರಾಟಗಾರರಿಗೆ ಹೇಳಿತು. ಆ ಸೂಚನೆ ನಮ್ಮೂರ ಅಂಗಡಿಯ ಶೆಲ್ಫಿನವರೆಗೂ ಬಂದಿಲ್ಲ, ನೆಂಟರ ತಲೆಯೊಳಗಂತೂ ಇನ್ನು ಒಂದು ತಲೆಮಾರು ಬರುವುದಿಲ್ಲ. ಇತ್ತ ಪುಡಿ ಕುಡಿಸುವವರೇ ಅತ್ತ ಪಥ್ಯವನ್ನೂ ಹೇರುತ್ತಾರೆ. ಬದನೆಕಾಯಿ ನಂಜು, ಮೀನು ನಂಜು, ಮೊಟ್ಟೆ ಉಷ್ಣ, ಬೇಳೆ ವಾಯು, ಮೊಸರು ಶೀತ. ಮಾಂಸಖಂಡ ಕಟ್ಟುವ ಪದಾರ್ಥಗಳನ್ನೆಲ್ಲ ಒಂದೊಂದಾಗಿ ಪಟ್ಟಿಯಿಂದ ಹೊಡೆದು ಹಾಕಿದರೆ ಉಳಿಯುವುದು ಅನ್ನ, ತಿಳಿಸಾರು, ಸಕ್ಕರೆ ಹಾಕಿದ ಪುಡಿ. ಮೈ ತುಂಬುತ್ತದೆ, ತೋಳು ತುಂಬುವುದಿಲ್ಲ. ಬಿಂದಿಗೆ ಎತ್ತಲು ಬೇಕಾದದ್ದು ತೋಳು.

ಚಿಕ್ಕ ವಯಸ್ಸಿನಲ್ಲೇ ಅಂಡಾಶಯವನ್ನೂ ತೆಗೆಸಿಕೊಂಡವರ ಪಾಡು ಇನ್ನೂ ಸೊಗಸು. ಬೇರೆಯವರಿಗೆ ವರ್ಷಗಟ್ಟಲೆ ತಗಲುವ ಮುಟ್ಟು ನಿಲ್ಲುವ ಕ್ರಿಯೆ ಇವರಿಗೆ ಆಪರೇಷನ್ ಟೇಬಲ್ಲಿನ ಮೇಲೆ ಒಂದೇ ಬೆಳಿಗ್ಗೆ ಮುಗಿಯುತ್ತದೆ. ರಾತ್ರಿ ಮೈಯೆಲ್ಲ ಉರಿ, ಬೆವರಿನಲ್ಲಿ ತೊಯ್ದ ರವಿಕೆ, ನಿದ್ದೆಯಿಲ್ಲ, ಕೀಲುನೋವು, ಸವೆಯುವ ಮೂಳೆ. ಮೊದಲಿನಷ್ಟೇ ಉಂಡರೂ ಸೊಂಟಕ್ಕೆ ಬಂದು ಸೇರುವ ಕೊಬ್ಬು. ಇಷ್ಟೆಲ್ಲ ಆಗುತ್ತದೆಂದು ಮುಂಚೆ ಹೇಳಿದವರು ಕಡಿಮೆ. ಅತ್ತೆ ಮಾತ್ರ ಹೇಳುತ್ತಾಳೆ: "ಕೂತ್ಕಂಡ್ ತಿಂದ್ರ ಇನ್ನೇನಾದ್ದು?"

ನಡೆಯಲು ಹೇಳುತ್ತಾರೆ. ಸರಿಯಾದ ಮಾತು. ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯುವಂಥ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಅಂಡಾಶಯದ ಕ್ಯಾನ್ಸರ್ ದಾಟಿದ 144 ಹೆಂಗಸರ ಮೇಲೆ ಆರು ತಿಂಗಳ ಪ್ರಯೋಗ ನಡೆಸಿದರು. ನಡಿಗೆಯ ಗುಂಪಿಗೆ ಸೇರಿದವರ ದೈಹಿಕ ಬದುಕು ಸುಧಾರಿಸಿತು ಎಂದು 2017ರಲ್ಲಿ ಪ್ರಕಟಿಸಿದರು. ಆ ಪ್ರಯೋಗದಲ್ಲಿ ನನಗೆ ಹೊಟ್ಟೆಕಿಚ್ಚು ತರಿಸಿದ್ದು ನಡಿಗೆಯಲ್ಲ, ಫೋನು. ನಡೆದಿರಾ, ಎಲ್ಲಿ ನೋವು, ಏನು ತೊಂದರೆ ಎಂದು ಕೇಳಲು ಅವರಿಗೆ ತಪ್ಪದೆ ಫೋನ್ ಮಾಡುತ್ತಿದ್ದರು. ಅಕ್ಕನಿಗೂ ತಪ್ಪದೆ ಫೋನ್ ಬರುತ್ತದೆ, ಲೋನ್ ಬೇಕಾ ಮೇಡಂ ಎಂದು.

ಹೊರಗೆ ಹೊರಟಳು ಎಂದೇ ಇಟ್ಟುಕೊಳ್ಳಿ. ಚೆಂಡುಹೂವಿನ ಹೊಲದಲ್ಲಿ ದಿನವಿಡೀ ಬಗ್ಗಿ ಕೂಲಿ ಮಾಡಿದ್ದವಳಿಗೆ ಕೆಲಸವಿಲ್ಲದೆ ನಡೆಯುವುದೇ ಹೊಸದು. "ಎಲ್ಲಿಗವ್ವ ಹೊಂಟೆ?" "ಎಲ್ಲಿಗೂ ಇಲ್ಲ, ವಾಕಿಂಗು." ಎಲ್ಲಿಗೂ ಇಲ್ಲದೆ ಹೊರಟ ಹೆಂಗಸನ್ನು ಯಾವ ಊರು ಸುಮ್ಮನೆ ಬಿಟ್ಟಿದೆ? ತಲೆಗೂ ಕರೆಂಟು ಇಟ್ಟವರಾ ಎಂದು ಹಿಂದಿನಿಂದ ಒಂದು ಪ್ರಶ್ನೆ ಬರುತ್ತದೆ. ಜನ ಏಳುವ ಮುಂಚೆ, ಕತ್ತಲಿರುವಾಗಲೇ ಹೋಗೋಣವೆಂದರೆ ಇದು ಬಂಡೀಪುರದ ಮಗ್ಗುಲ ತಾಲ್ಲೂಕು. ಚಿರತೆ, ಕಾಡುಹಂದಿಗಳೂ ಅದೇ ಹೊತ್ತಿಗೆ ವಾಕಿಂಗಿಗೆ ಬರುತ್ತವೆ. ಅವು ಬಿರುಸಾಗಿಯೇ ನಡೆಯುತ್ತವೆ.

ನಡೆಯಬೇಕಾದ ಕಾಲಿನ ಸುದ್ದಿಯನ್ನೂ ಹೇಳಬೇಕು. ದೊಡ್ಡ ಆಪರೇಷನ್ನಿನಲ್ಲಿ ಗರ್ಭಕೋಶದ ಜೊತೆ ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳನ್ನೂ ತೆಗೆದಿರುತ್ತಾರೆ, ಮೇಲೆ ಕರೆಂಟೂ ಬಿದ್ದಿರುತ್ತದೆ. ಕೆಲವರಿಗೆ ತಿಂಗಳುಗಳ ಮೇಲೆ, ಕೆಲವರಿಗೆ ವರ್ಷಗಳ ಮೇಲೆ ಕಾಲು ಬಾತುಕೊಳ್ಳುತ್ತದೆ. ದಾರಿ ಕಟ್ಟಿದ ನೀರು ಕೆಳಗೇ ನಿಂತುಬಿಡುತ್ತದೆ. ಕಾಲುಂಗುರ ಕತ್ತರಿಸಿ ತೆಗೆಸಬೇಕು, ಚಪ್ಪಲಿ ಹಿಡಿಯುವುದಿಲ್ಲ, ಸಣ್ಣ ಗಾಯಕ್ಕೂ ಕೀವು, ಜ್ವರ. ಆ ನೀರೂ ತಕ್ಕಡಿಯಲ್ಲಿ ತೂಕವೇ. "ಹೋದ್ಸಲಕ್ಕಿಂತ ಮೂರು ಕೆಜಿ ಜಾಸ್ತಿ ಆಗಿದೀರ, ಬಾಯಿ ಕಟ್ಟಿ" ಎಂದು ಓಪಿಡಿಯ ಕಿರಿಯ ಡಾಕ್ಟರು ಸೀರೆಯ ಅಂಚನ್ನು ಒಂದು ಗೇಣು ಸರಿಸಿ ನೋಡದೆ ಹೇಳಿಬಿಡಬಹುದು. ಇದಕ್ಕೆ ಬಿಗಿ ಕಾಲುಚೀಲ ಇದೆ, ನೀರನ್ನು ಮೇಲಕ್ಕೆ ತಳ್ಳುವ ಮಾಲೀಷು ಇದೆ, ಕಾಲಿನ ವ್ಯಾಯಾಮ ಇದೆ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಅದರಿಂದ ಸಾವಿರಾರು ಹೆಂಗಸರ ಜೀವ ಉಳಿದಿದೆ. ಆದರೆ ಉಳಿದ ಜೀವ ಸಂಜೆ ಹೊತ್ತಿಗೆ ಕಾಲು ಚಾಚಿ ಗೋಡೆಗೆ ಎತ್ತಿಟ್ಟುಕೊಂಡಾಗ, "ಅಡ್ಗ ಮಾಡದ್ಬುಟ್ಟು ಕಾಲ್ ಮ್ಯಾಕ್ ಎತ್ಕಂಡು ಮಲ್ಗವ್ಳ" ಎಂಬ ಮಾತಿನಿಂದ ರಕ್ಷಿಸುವ ಕಾರ್ಡನ್ನು ಇನ್ನೂ ಯಾವ ಸರ್ಕಾರವೂ ಅಚ್ಚು ಹಾಕಿಸಿಲ್ಲ.

ಬಸ್ಸಿನ ವಿಷಯಕ್ಕೆ ಬಂದರೆ ನಾನು ಸರ್ಕಾರದ ಪರ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತ. ಕರೆಂಟು ಇಡಿಸಲು, ಚೆಕಪ್ಪಿಗೆ ಮೈಸೂರಿಗೆ ಹೋಗಿ ಬರುವ ಖರ್ಚಿನಲ್ಲಿ ಅರ್ಧ ಕಳೆದಿದೆ. ಮಗನ ಮುಂದೆ, ಗಂಡನ ಮುಂದೆ ಬಸ್ಸಿನ ದುಡ್ಡಿಗೆ ಕೈಯೊಡ್ಡುವುದು ತಪ್ಪಿದೆ. ಸಣ್ಣ ಮಾತಲ್ಲ ಇದು. ಹೆಂಗಸರಿಗೆ ಬಿಟ್ಟಿ ಕೊಟ್ಟು ನಾಡು ಹಾಳಾಯಿತೆಂದು ಟೀವಿಯಲ್ಲಿ ಕೂಗಾಡುವ ಮಹನೀಯರು ಒಂದು ಬೆಳಿಗ್ಗೆ ಈ ಬಸ್ಸಿನಲ್ಲಿ ಇವರ ಪಕ್ಕ ಕೂತು ಬರಬೇಕು. ಕೂತರೆ ಗೊತ್ತಾಗುವ ಇನ್ನೊಂದು ಸಂಗತಿಯಿದೆ. ಕಿಬ್ಬೊಟ್ಟೆಗೆ ಕರೆಂಟು ಇಡಿಸಿಕೊಂಡವರಲ್ಲಿ ಕೆಲವರಿಗೆ ಮೂತ್ರಚೀಲ, ಕರುಳು ಎರಡೂ ಮಾತು ಕೇಳುವುದಿಲ್ಲ. ಬಂತು ಎಂದರೆ ಬಂತು, ಮುಂದಿನ ಸ್ಟಾಪಿನವರೆಗೆ ಕಾಯುವುದಿಲ್ಲ. ಮೈಸೂರಿಗೆ ಹೋಗುವ ದಿನ ಅಕ್ಕ ಹಿಂದಿನ ರಾತ್ರಿಯಿಂದ ನೀರು ಮುಟ್ಟುವುದಿಲ್ಲ, ಬೆಳಿಗ್ಗೆ ತಿಂಡಿ ತಿನ್ನುವುದಿಲ್ಲ. ಹಾಗೆ ಒಣಗಿ ಹೋದವಳನ್ನು ಅಲ್ಲಿ ತಕ್ಕಡಿಗೆ ಹತ್ತಿಸಿ, "ವೆರಿ ಗುಡ್, ಒಂದು ಕೆಜಿ ಕಡಿಮೆ" ಎಂದು ಬೆನ್ನು ತಟ್ಟುತ್ತಾರೆ.

ದುಡ್ಡಿದ್ದವರಿಗೆ ಇದೆಲ್ಲ ಬೇಡ, ಈಗ ತೂಕ ಇಳಿಸುವ ಇಂಜೆಕ್ಷನ್ ಬಂದಿದೆ. ಮೌಂಜಾರೊ ಎಂಬುದು 2025ರ ಮಾರ್ಚಿನಲ್ಲಿ ಭಾರತದ ಮಾರುಕಟ್ಟೆಗೆ ಬಂದಾಗ ಅತಿ ಚಿಕ್ಕ ಡೋಸಿನ ಸೀಸೆಗೆ 3,500 ರೂಪಾಯಿ. ವಾರಕ್ಕೊಂದರಂತೆ ತಿಂಗಳಿಗೆ 14,000. ಗೃಹಲಕ್ಷ್ಮಿಯ ದುಡ್ಡು ತಿಂಗಳಿಗೆ 2,000. ಕಂತು ತಪ್ಪದೆ ಬಂದರೆ ಏಳು ತಿಂಗಳು ಕೂಡಿಟ್ಟು ಒಂದು ತಿಂಗಳು ಸಣ್ಣಗಾಗಬಹುದು. ಉಳಿದ ಆರು ತಿಂಗಳು ಮತ್ತೆ ತುಂಬಿಕೊಳ್ಳಲು ಅನ್ನಭಾಗ್ಯದ ಅಕ್ಕಿ ಇದ್ದೇ ಇದೆ. ಯೋಜನೆಗಳ ನಡುವೆ ಹೊಂದಾಣಿಕೆಯಿಲ್ಲ ಎಂದು ಯಾರು ಹೇಳಿದ್ದು?

ಇಷ್ಟೆಲ್ಲ ತೂಗಾಟದ ನಡುವೆ, ನಿನ್ನ ಬದುಕು ಹೇಗಿದೆ ಎಂದು ಕೇಳುವವರು ಯಾರೂ ಇಲ್ಲವೇ? ಇದ್ದಾರೆ, ಅದಕ್ಕೂ ಒಂದು ಫಾರಂ ಇದೆ. ಯೂರೋಪಿನ ಕ್ಯಾನ್ಸರ್ ಸಂಶೋಧಕರ ಒಕ್ಕೂಟ ತಯಾರಿಸಿ 1993ರಲ್ಲಿ ಪ್ರಕಟಿಸಿದ 30 ಪ್ರಶ್ನೆಗಳ ಪಟ್ಟಿ ಈಗ ಲೋಕವನ್ನೆಲ್ಲ ಸುತ್ತಿದೆ. ಗರ್ಭಕೊರಳಿನ ಕ್ಯಾನ್ಸರಿನವರಿಗೆಂದೇ ಇನ್ನೂ 24 ಪ್ರಶ್ನೆಗಳು 2006ರಲ್ಲಿ ಬಂದವು. ಒಳ್ಳೆಯ ಪ್ರಶ್ನೆಗಳು. ಕಾಲು ಬಾತಿದೆಯೇ, ಮೂತ್ರ ತಡೆದುಕೊಳ್ಳಲು ಆಗುತ್ತದೆಯೇ ಎಂದು ತಕ್ಕಡಿ ಎಂದೂ ಕೇಳದ್ದನ್ನು ಕೇಳುತ್ತವೆ. ತನ್ನ ಮೈ ತನಗೇ ಬೇಡವೆನಿಸಿದೆಯೇ, ಗಂಡನ ಜೊತೆ ಕೂಡುವಾಗ ನೋವೇ ಎಂದೂ ಕೇಳುತ್ತವೆ. ಕರೆಂಟಿನ ನಂತರ ಯೋನಿದಾರಿ ಕಿರಿದಾಗುವುದುಂಟು, ಒಣಗುವುದುಂಟು, ಅದಕ್ಕೆ ಪರಿಹಾರವೂ ಉಂಟು. ಕೇಳಿದರೆ ತಾನೆ ಹೇಳುವುದು! ಆಸ್ಪತ್ರೆಯೊಂದರಲ್ಲಿ ಅಕ್ಕನ ಎದುರು ಈ ಫಾರಂ ಹಿಡಿದು ಕೂತವಳು ಮಗಳ ವಯಸ್ಸಿನ ವಿದ್ಯಾರ್ಥಿನಿ. ಆ ಪುಟ ಬಂದಾಗ ಅವಳ ಕಿವಿ ಕೆಂಪಾಗಿ, ಕೇಳದೆಯೇ ಐದಾರು ಪ್ರಶ್ನೆಗಳಿಗೆ ಅಡ್ಡಗೀಟು ಎಳೆದು ಪುಟ ಮಗುಚಿದಳು. ಯೂರೋಪು ಕೇಳಲು ಧೈರ್ಯ ಮಾಡಿದ್ದನ್ನು ನಮ್ಮ ಮರ್ಯಾದೆ ಹೊಡೆದುಹಾಕಿತು.

ಉಳಿದ ಪ್ರಶ್ನೆಗಳು ಸುಸೂತ್ರವಾಗಿ ಸಾಗಿದವು ಎನ್ನುವಂತಿಲ್ಲ. ಮೊದಲನೆಯದೇ ಭಾರದ ಶಾಪಿಂಗ್ ಬ್ಯಾಗೋ ಸೂಟ್‌ಕೇಸೋ ಹೊರಲು ಕಷ್ಟವಾಗುತ್ತದೆಯೇ ಎಂಬುದು.

"ಸೂಟ್‌ಕೇಸ್ ನಮ್ಮನೇಲಿ ಇಲ್ವಲ್ಲವ್ವ," ಎಂದಳು ಅಕ್ಕ.

"ಏನಾದ್ರೂ ಭಾರದ್ದು, ಅಮ್ಮ."

"ಎಲೆಕೋಸಿನ ಮೂಟೆನಾ? ಅದು ಯಾರ್ಗ ಕಷ್ಟ ಆಗದಿಲ್ಲ? ನಿಂಗಾಗದಿಲ್ವಾ?"

ಹುಡುಗಿ "ಸ್ವಲ್ಪ" ಎಂಬಲ್ಲಿ ಸುತ್ತು ಹಾಕಿದಳು. ದೂರ ನಡೆಯಲು ಕಷ್ಟವೇ ಎಂಬುದು ಮುಂದಿನದು. ಹುಲುಗನ ಮುರಡಿ ಬೆಟ್ಟ ಹತ್ತಿ ವೆಂಕಟರಮಣಸ್ವಾಮಿಗೆ ಕೈಮುಗಿದು ಬಂದರೆ ದೂರ ಅನ್ನಬಹುದಾ ಎಂದು ಅಕ್ಕ ವಿಚಾರಿಸಿದಳು. ಎರಡು ವರ್ಷ ಹತ್ತಲಾಗಿರಲಿಲ್ಲ, ಈ ವರ್ಷ ಮಧ್ಯೆ ಮಧ್ಯೆ ಕೂತು ಹತ್ತಿದಳಂತೆ. ಕಾಲುಚೀಲ ಹಾಕಿಕೊಂಡೇ, ಸೀರೆಯೊಳಗೆ, ಯಾರಿಗೂ ತಿಳಿಯದಂತೆ. ಆವತ್ತು ತೂಕ ಎಷ್ಟಿತ್ತೆಂದು ಅವಳಿಗೆ ನೆನಪಿಲ್ಲ. ಫಾರಂನಲ್ಲಿ ಬೆಟ್ಟಕ್ಕೆ ಕಾಲಂ ಇರಲಿಲ್ಲ.

ಆ ಮೂವತ್ತರಲ್ಲಿ ಕೊನೆಯ ಪ್ರಶ್ನೆ ಎಲ್ಲದರ ತಾಯಿ. ಕಳೆದ ವಾರ ಒಟ್ಟಾರೆ ನಿಮ್ಮ ಬದುಕಿನ ಗುಣಮಟ್ಟಕ್ಕೆ ಒಂದರಿಂದ ಏಳರವರೆಗೆ ಎಷ್ಟು ಕೊಡುತ್ತೀರಿ? ಒಂದು ಎಂದರೆ ತೀರ ಕೆಟ್ಟದ್ದು, ಏಳು ಎಂದರೆ ಬಲು ಚೆನ್ನ.

ತೆರಕಣಾಂಬಿಯ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ಬೀನ್ಸು ಮಾರಿದವಳು ಮೊದಲ ಮಾತಿಗೇ ರೇಟು ಒಪ್ಪುತ್ತಾಳೆಯೇ? ಅಕ್ಕ ಸೆರಗು ಸರಿಮಾಡಿಕೊಂಡು ಕೂತಳು.

"ನಾಕು ಬರ್ಕಳವ್ವ."

"ಸರಿ ಅಮ್ಮ, ನಾಲ್ಕು."

"ತಡಿ, ತಡಿ. ನಾ ಇಳಿದ್ನಲ್ಲ, ಆ ಬಸ್‌ಸ್ಟ್ಯಾಂಡ್ ಕಕ್ಕಸ್ಸಿಗ ಬೀಗ ಹಾಕವ್ರ. ಅದ ತಗ್ಸಿದ್ರ ಐದು ಅಂತೀನಿ. ದಪ್ಪ ಆದೆ ಸಣ್ಣ ಆದೆ ಅನ್ನವ್ರ್ ಬಾಯ್ಗ ಅದೇ ಬೀಗ ಹಾಕುದ್ರ ಆರು. ಅದಕೂ ಮ್ಯಾಕ್ ನಾ ಬುಡಕಿಲ್ಲ, ನೋಡ್ಕ."